ಮೂರನೇ ಪ್ಲಗ್ಗಿನ ಇರುವೆಗಳು

ಕಥೆಯನ್ನು ಸ್ಟಾರ್ಟ್ ಮಾಡುವುದು ಹೇಗೆ? ಕಾರಾದರೆ ಕೀಲಿ ತಿರುಗಿಸಿದರಾಯಿತು. ನಮ್ಮಣ್ಣ ಮಾರೇಶ ಓಡಿಸುವ ಬಾಡಿಗೆ ಕಾರು ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ, ನಮ್ಮೂರ ಗಾಂಧಿನಗರದ ಗಲ್ಲಿಗಳಲ್ಲಿ ಸಂಭಾವಿತನಂತೆ ಓಡುತ್ತದೆ. ಸಿರುಗುಪ್ಪ ರಸ್ತೆ ಹತ್ತಿ ಜೋರು ಮಾಡಿದರೆ ಮಾತ್ರ ಉಗ್ಗುತ್ತದೆ. (ನಾನೂ ಹಾಗೇ, ನಾಲ್ಕು ಜನರೆದುರು ದನಿ ಏರಿಸಿದರೆ ಉಗ್ಗುತ್ತೇನೆ. ಹೋಲಿಕೆ ಅಗ್ಗದ್ದು, ಹೊಡೆದುಹಾಕಿ ಓದಿ.)

೧.
ಮೊದಲ ಡ್ರಾಫ್ಟಿನಲ್ಲಿ ತಪ್ಪು ಪೆಟ್ರೋಲಿನದು. ಫಿಲ್ಟರ್ ಬದಲಾಯಿತು, ಉಗ್ಗು ನಿಲ್ಲಲಿಲ್ಲ. ಕಾರಿನ ಮಾಲೀಕ ಶೇಖರ್ ಫೋನ್ ಮಾಡಿದ: "ಸಂಜಿಕ ಸರಿಯಾಗ್ಲಿಲ್ಲಂದ್ರ ಗಾಡಿ ತಂದು ನಿಲ್ಲಿಸು. ಬ್ಯಾರೆ ಡ್ರೈವರ್ ನೋಡ್ಕಂತೀನಿ."
ಆ ಡ್ರಾಫ್ಟ್ ಹರಿದೆ.

೩. (ಎರಡನೆಯದು ಚೆನ್ನಾಗಿರಲಿಲ್ಲ.)
ಅಣ್ಣನ ಜೊತೆ ನಾನೂ ಗ್ಯಾರೇಜಿಗೆ ಹೋದೆ; ದೋಷ ಎಲ್ಲಿದೆ ಎಂದರೆ ಸ್ಕ್ಯಾನರ್ ಮೂರನೇ ಸಿಲಿಂಡರ್ ತೋರಿಸಿತು. ಮೆಕ್ಯಾನಿಕ್ ವಿರೂಪಾಕ್ಷಿ ಎರಡನೇ, ಮೂರನೇ ಸಿಲಿಂಡರಿನ ಕಿಡಿ ಹುಟ್ಟಿಸುವ ಕಾಯಿಲ್‌ಗಳನ್ನು ಅದಲುಬದಲು ಮಾಡಿದ. ಕಾಯಿಲ್ ಕೆಟ್ಟಿದ್ದರೆ ದೋಷವೂ ಅದರ ಹಿಂದೆ ಹೋಗಬೇಕು. ಸ್ಕ್ಯಾನರ್ ಮತ್ತೆ ಮೂರನ್ನೇ ತೋರಿಸಿತು. ಟಾರ್ಚ್ ಬಿಟ್ಟು ನೋಡಿದರೆ, ಆ ಪ್ಲಗ್ಗಿನ ಸುತ್ತ ಒಣಗಿದ ಬಿಳಿ ಅಂಟು, ಅದರಲ್ಲಿ ಸತ್ತ ಇರುವೆಗಳು.

"ಯಾರಪ್ಪಾ ಇದಕ್ಕ ಎಳನೀರು ಕುಡಿಸಿದ್ದು?" ಎಂದ ವಿರೂಪಾಕ್ಷಿ. " ನಿಧಾನ ಹೋದ್ರ ಹೆಂಗರ ಸಾಗತೈತಿ. ಜೋರ್ ಮಾಡಿದ್ರ ಕಿಡಿ ಈ ಅಂಟಿನ ಮ್ಯಾಲೆ ಹರದು ಹೊರಗ ಹೋಗತೈತಿ."

"ನಮ್ಮನ್ಯಾಗ ಬಾನೆಟ್ ಯಾರೂ ಮುಟ್ಟಂಗಿಲ್ಲ," ಎಂದ ಅಣ್ಣ. "ಇದು ಶೇಖರಂದ ಕೆಲಸ. ಈಗ ಫೋನ್ ಹಚ್ಚಿ ಉಗೀತೀನಿ."

(ಅಮಾವಾಸ್ಯೆಯ ದಿನ ಅಣ್ಣ ಆಯಿಲ್ ನೋಡಿ, ಬಾನೆಟ್ ತೆರೆದಿಟ್ಟೇ ಸ್ನಾನಕ್ಕೆ ಹೋಗಿದ್ದ. ಗಾಡಿ ಪೂಜೆಗೆ ಬಂದ ಅವ್ವ ಕಾಯಿ ಒಡೆದು, ನೀರನ್ನು ಇಂಜಿನ್ ಮೇಲೇ ಸುರಿದಳು: "ಓಡೂದು ಇದು. ಮುಚ್ಚಳಕ್ಯಾಕ ಪೂಜಿ?" ನೋಡಿದವಳು ನಾನೊಬ್ಬಳೇ.)

೪.
ಇಲ್ಲಿ ಅವ್ವ ಉಚ್ಚೆಂಗೆಮ್ಮ ಕಥೆಯೊಳಗೇ ನುಗ್ಗಿ ಜಗಳ ತೆಗೆಯುತ್ತಾಳೆ.

"ಲೇ, ಇಲಿ ವೈರ್ ಕಡೀತು ಅಂತ ಬರಿ."

"ಪ್ಲಗ್‌ನ್ಯಾಗ ಇರಿವಿ ಅದಾವು, ಯವ್ವಾ."

"ಇರಿವಿ ತಿನ್ನಾಕ ಇಲಿ ಬಂತು ಅಂತ ಬರಿ! ಸಾಲಿ ಬಿಟ್ಟಾಕಿಗೆ ಇಷ್ಟು ನಿಯತ್ತು ಯಾಕ?"

"ಅಣ್ಣ ಶೇಖರಣ್ಣನ ಕೂಡ ಜಗಳಾಡಿದ್ರ ಗಾಡಿ ಹೋಗತೈತವ್ವಾ."

ಅವ್ವ ನನ್ನ ಹಾಳೆಯ ಮೇಲೆ ಕೈಯಿಟ್ಟಳು. ಆಮೇಲೆ ಮೆಲ್ಲಗೆ, "ಅಂವಾ ಚೆಂದಂಗಿರ್ಲಿ ಅಂತ ಹಾಕಿದ್ನೆಲೇ. ಪೂಜಿ ಮಾಡೂದು ತಪ್ಪೇನು?" ಎಂದಳು. ನಾನು ಹಾಳೆ ತಿರುವಿ ಮುಂದಿನ ಅಂಕಿ ಬರೆದೆ.

೫.
ಅಂತ್ಯ ಅ: ನಾನೇ ಹೇಳಿಬಿಡುತ್ತೇನೆ. ಅಣ್ಣ ಇನ್ನೆಂದೂ ಅವ್ವನನ್ನು ಗಾಡಿಯ ಹತ್ತಿರ ಬಿಡುವುದಿಲ್ಲ.
ಅಂತ್ಯ ಆ: ಯಾರೂ ಹೇಳುವುದಿಲ್ಲ. ಅಣ್ಣ ಫೋನ್ ಹಚ್ಚುತ್ತಾನೆ.
ಎರಡೂ ನನಗೆ ಬೇಡ.

ವಿರೂಪಾಕ್ಷಿ ಅಂಟು ಒರೆಸಿ ಹೊಸ ಪ್ಲಗ್ ಹಾಕಿದ. "ಮೊದಲು ಟ್ರಯಲ್ ನೋಡು. ಫೋನ್ ಆಮ್ಯಾಲೆ," ಎಂದ. ಮನೆ ಮುಂದೆ ಹಾದಾಗ ಅವ್ವ ಕೈಯಡ್ಡ ಹಿಡಿದು ಕಾರು ನಿಲ್ಲಿಸಿ, ಹಿಂದೆ ನನ್ನ ಪಕ್ಕ ಕೂತಳು. ಕುರುಗೋಡಿನ ತಿರುವು ದಾಟಿದ ಮೇಲೆ ಅಣ್ಣ ಜೋರು ಮಾಡಿದ. ಆಗ ಅವ್ವ, ನಾನು ಬರೆದುಕೊಡದ ಮಾತು ಆಡಿದಳು:

"ಮಾರೇಶಾ, ಕಾಯಿನೀರು ನಾನ ಹಾಕಿದ್ದು."

"ಸುಮ್ನಿರವ್ವಾ, ಇಂಜಿನ್ ಕೇಳಾಕತ್ತೀನಿ."

ಇಂಜಿನ್ ಸುತ್ತು ತೋರಿಸುವ ಮೀಟರಿನ ಮುಳ್ಳು ಎರಡು ಸಾವಿರ ದಾಟಿತು, ಮೂರು ದಾಟಿತು. ಉಗ್ಗುವುದಿದ್ದರೆ ನಾಲ್ಕರ ಹತ್ತಿರ ಉಗ್ಗಬೇಕು. ಅವ್ವ ಮುಂದಿನ ಸೀಟು ಹಿಡಿದು, ಇನ್ನೂ ಗಟ್ಟಿಯಾಗಿ ಹೇಳಲು ಬಾಯಿ ತೆರೆದಿದ್ದಾಳೆ.

(ಆಮೇಲೇನಾಯಿತು ಎಂದು ನನ್ನನ್ನು ಕೇಳಬೇಡಿ. ನಾನು ಹಿಂದಿನ ಸೀಟಿನಲ್ಲಿದ್ದೇನೆ, ಇಲ್ಲಿಂದ ಅಣ್ಣನ ಮುಖ ಕಾಣುವುದಿಲ್ಲ.)