ನಡುವೆ ಯಾರೂ ಬೇಡ

ನೇರಣ್ಣ ನಡೆದು ಬಂದರೆ ಮೇಜು ಕುರ್ಚಿಗಳೇ ಪಕ್ಕಕ್ಕೆ ಸರಿಯಬೇಕಿತ್ತು. ಬಾಗಿಲಿನಿಂದ ತನ್ನ ಆಸನದವರೆಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಂಡು, ಆ ಗೆರೆಯ ಮೇಲೆ ಯಾರ ಚಹಾ ಇದೆ, ಯಾರ ಕಾಲಿದೆ ಎಂಬುದನ್ನು ಲೆಕ್ಕಿಸದೆ, ಎಡಭುಜ ಮುಂದೆ ಮಾಡಿ ನುಗ್ಗುತ್ತಿದ್ದ ಆ ನೀಳಕಾಯದ ಮನುಷ್ಯನಿಗೆ ಸುತ್ತುಬಳಸು ಎಂಬುದೇ ಗೊತ್ತಿರಲಿಲ್ಲ. ಹೆತ್ತವರು ಇಟ್ಟ ಹೆಸರು ಬೇರೆ; ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ 'ನೇರವಾಗಿ ಹೇಳಿ' ಅಂದು ಅಂದು, ಆ ಹೆಸರು ಮೂಲೆ ಸೇರಿ ನೇರಣ್ಣನೇ ಉಳಿದ. ಮೊಣಕೈ ಸವೆದ ಕಂದು ಕೋಟೊಂದು ಸದಾ ಮೈಮೇಲೆ. ಅದರ ಜೇಬಿನಲ್ಲಿ ತಂತಿಯ ತುಂಡುಗಳು, ಒಂದು ಸ್ಕ್ರೂಡ್ರೈವರ್, ಚಾರ್ಜಿಲ್ಲದೆ ಸತ್ತುಬಿದ್ದ ಮೊಬೈಲು.

ಅವನದು ಇಂಟರ್ನೆಟ್ಟಿನ ಮೇಲೆ ಟೆಲಿಫೋನ್ ನಡೆಸುವ ಸಣ್ಣ ಕಂಪನಿ. ಒಂದಷ್ಟು ಅಂಗಡಿ, ಕೆಲವು ಕ್ಲಿನಿಕ್ಕು, ಉಳಿದವು ಮನೆಗಳು. ಇಂಥ ಕಂಪನಿಯವರು ತಮ್ಮ ಜಾಲಕ್ಕೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ಸೆಷನ್ ಬಾರ್ಡರ್ ಕಂಟ್ರೋಲರ್ ಎಂಬ ಯಂತ್ರವನ್ನು ನಿಲ್ಲಿಸುತ್ತಾರೆ. ಬರುವ ಕರೆ ಯಾರದೆಂದು ಅದು ವಿಚಾರಿಸುತ್ತದೆ, ಕಳ್ಳರನ್ನು ಹೊರದಬ್ಬುತ್ತದೆ, ಒಳಗಿನ ವಿಳಾಸವನ್ನು ಹೊರಗಿನವರಿಗೆ ತಿಳಿಯುವಂತೆ ಬದಲಿಸಿ ಎರಡೂ ಕಡೆಯ ದನಿ ತಲುಪುವಂತೆ ನೋಡಿಕೊಳ್ಳುತ್ತದೆ. ಕಚೇರಿಯಲ್ಲಿ ಅದಕ್ಕೆ ಗಡಿಪೆಟ್ಟಿಗೆ ಎಂದು ಹೆಸರು. ಹೆಸರಿತ್ತೇ ಹೊರತು ಪೆಟ್ಟಿಗೆ ಇರಲಿಲ್ಲ.

"ಸರ್, ಒಂದೊಂದು ಫೋನನ್ನೂ ಬೀದಿಗೆ ಬಿಟ್ಟಿದೀವಿ," ಎಂದು ಅವನ ಕೈಕೆಳಗಿನ ಎಂಜಿನಿಯರ್ ಹುಡುಗಿ ಗೋಗರೆಯುತ್ತಿದ್ದಳು.

"ಮಾತಾಡೋರು ಇಬ್ಬರು. ನಡುವೆ ಮೂರನೆಯವನಿಗೆ ಏನಮ್ಮ ಕೆಲಸ?"

ಅವನೇನು ದಡ್ಡನಲ್ಲ. ನಡುವೆ ನಿಂತ ಯಂತ್ರ ಕದ್ದು ಕೇಳಬಲ್ಲದು, ತಡ ಮಾಡಬಲ್ಲದು, ಅದೊಂದು ಕೆಟ್ಟರೆ ಎಲ್ಲರ ಬಾಯಿಯೂ ಕಟ್ಟಿಹೋಗುತ್ತದೆ ಎಂದು ಅವನು ವಾದಕ್ಕೆ ನಿಂತರೆ, ದೊಡ್ಡ ಕಂಪನಿಗಳ ತಜ್ಞರೂ ತಲೆ ಕೆರೆದುಕೊಳ್ಳುತ್ತಿದ್ದರು. ಆ ದ್ವೇಷದ ಬೇರು ಮಾತ್ರ ಬಾಲ್ಯದಲ್ಲಿತ್ತು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದ ಅಕ್ಕ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಶಾಲೆ ಬಿಟ್ಟ ಮೇಲೆ ಅವಳ ಕುರ್ಚಿಯ ಕೆಳಗೆ ಕೂತಿರುತ್ತಿದ್ದ ಹುಡುಗನಿಗೆ, ಪಕ್ಕದ ಆಪರೇಟರುಗಳು ಊರವರ ಅಳು, ಜಗಳ, ಗುಟ್ಟುಗಳನ್ನು ಕೇಳಿಸಿಕೊಂಡು ಕಿಸಕ್ಕನೆ ನಗುವುದು ಕಂಡು ಅಸಹ್ಯ ಹುಟ್ಟಿತ್ತು. ಯಾರದೋ ಮಗು ಸತ್ತ ಸುದ್ದಿಗೂ ಒಬ್ಬಳು ಕಡಲೆ ಜಗಿಯುತ್ತಿದ್ದಳಂತೆ.

ಅಕ್ಕ ಒಪ್ಪುತ್ತಿರಲಿಲ್ಲ. "ಕದ್ದು ಕೇಳೋಕೆ ಅಲ್ಲ ಕಣೋ ನಾವು ಕೂತಿದ್ದು. ಯಾರಿಗೆ ಯಾರು ಸಿಕ್ಕಿಲ್ಲ ಅಂತ ನೋಡೋಕೆ," ಎನ್ನುತ್ತಿದ್ದಳು. ಎದೆಯ ಕಾಯಿಲೆಯ ಆ ಹೆಂಗಸು ಪಟ್ಟಣದ ಇನ್ನೊಂದು ತುದಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಏನೇ ಆದರೂ ಮೊದಲು ತಮ್ಮನ ಮೇಜಿನ ಫೋನಿಗೇ ಕರೆ. ಬೇರೆ ನಂಬರನ್ನು ಅವಳು ನೆನಪಿಟ್ಟುಕೊಂಡಿರಲಿಲ್ಲ. ತಮ್ಮನಿರುವಾಗ ಇನ್ನೇನು ಬೇಕು ಎಂಬ ಭರವಸೆ.

ಗಡಿಪೆಟ್ಟಿಗೆಯಿಲ್ಲದ ಆ ಫೋನುಗಳಿಗೆ ಮೂಕ ಕರೆಗಳ ಕಾಟ ಹಿಡಿಯಿತು. ತೆರೆದ ಫೋನುಗಳನ್ನು ಹುಡುಕುತ್ತ ಇಂಟರ್ನೆಟ್ಟಿನಲ್ಲಿ ಅಲೆಯುವ ಕಳ್ಳ ಯಂತ್ರಗಳು ಬಾರಿಸಿ ನೋಡುತ್ತವೆ. ಎತ್ತಿದರೆ ಉಸಿರೂ ಇಲ್ಲ. ನೇರಣ್ಣ ಸೋಲುವವನೇ? ಒಂದು ಪದ್ಧತಿ ಹಾಕಿಕೊಟ್ಟ: ಎತ್ತಿ, ದನಿ ಇಲ್ಲವೋ, ತಕ್ಷಣ ಇಡಿ. ಗ್ರಾಹಕರಿಗೂ ಅದನ್ನೇ ಕಲಿಸಿದ. ಅವನ ಮೇಜಿನ ಮೇಲಿದ್ದ, ನಂಬರು ತೋರಿಸದ ಹಳೆಯ ಕಪ್ಪು ಫೋನು ಹಾಗೆ ಎಷ್ಟು ಸಲ ಕುಕ್ಕಿಸಿಕೊಂಡಿತೋ.

ಕಚೇರಿಗೆ ಹೊಸ ಇಂಟರ್ನೆಟ್ ಸಂಪರ್ಕ ಹಾಕಿಸಿದ ದಿನ ಎಂಜಿನಿಯರ್ ಹುಡುಗಿ ಒಂದು ಕ್ಲಿನಿಕ್ಕಿನ ಕೆಲಸಕ್ಕೆ ಹೋಗಿದ್ದಳು. ಬೆಳಗಿನಿಂದ ಬಂದ ಕರೆಗಳೆಲ್ಲ ಮೂಕ. "ಇವತ್ತು ಕಳ್ಳರಿಗೆ ಬೇರೆ ಕೆಲಸ ಇಲ್ಲ," ಎಂದು ಕಚೇರಿಯವರೆಲ್ಲ ನಗುತ್ತ ಎತ್ತಿ ಎತ್ತಿ ಇಟ್ಟರು. ನೇರಣ್ಣನ ಕಪ್ಪು ಫೋನೂ ಬಾರಿಸಿತು. ಇಟ್ಟ. ಮತ್ತೆ ಬಾರಿಸಿತು. ಮೂರನೆಯ ಸಲ ಅವನಿಗೆ ಪಿತ್ತ ನೆತ್ತಿಗೇರಿ, "ಮಾನ ಮರ್ಯಾದೆ ಇಲ್ವಾ? ಸಾಯಿ ಅತ್ಲಾಗೆ!" ಎಂದು ಕೂಗಿ ಕುಕ್ಕಿದ. ಆಮೇಲೆ ಅದು ಬಾರಿಸಲಿಲ್ಲ.

ಮಧ್ಯಾಹ್ನ ಅಕ್ಕನ ಮನೆಯೊಡತಿಯೇ ಏದುಸಿರು ಬಿಡುತ್ತ ಕಚೇರಿಗೆ ಬಂದಳು. ಅಕ್ಕ ಗೋಡೆಗೊರಗಿ ಕೂತಿದ್ದಳಂತೆ, ರಿಸೀವರ್ ಮಡಿಲಲ್ಲಿತ್ತಂತೆ. ಮೈ ಆಗಲೇ ತಣ್ಣಗಾಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಅವನು ಎಂಜಿನಿಯರ್ ಹುಡುಗಿಯನ್ನು ಎದುರು ಕೂರಿಸಿಕೊಂಡ. ಅವಳು ಅಷ್ಟರಲ್ಲೇ ಎಲ್ಲ ಪರೀಕ್ಷಿಸಿದ್ದಳು. ಹಳೆಯ ಸಂಪರ್ಕದಲ್ಲಿ ಪ್ರತಿ ಫೋನಿಗೂ ಹೊರಗಿನವರಿಗೆ ತಿಳಿಯುವ ವಿಳಾಸವೇ ಇತ್ತು; ಹೊಸ ಸಂಪರ್ಕದ ಹಿಂದೆ ಕೂತ ಕಚೇರಿಯ ಫೋನುಗಳು ಹೊರಗಿನವರಿಗೆ ತಮ್ಮ ಒಳಗಿನ ವಿಳಾಸವನ್ನೇ ಕೊಟ್ಟಿದ್ದವು. ಅದನ್ನು ತಿದ್ದಲು ನಡುವೆ ಯಾರೂ ಇರಲಿಲ್ಲ. ಹೊರಗಿನ ದನಿ ದಾರಿ ತಪ್ಪಿ ಎಲ್ಲೋ ಕಳೆದುಹೋಗಿತ್ತು.

"ಅವಳ ದನಿ ನನಗೆ ಬರಲಿಲ್ಲ. ಸರಿ. ನನ್ನದು ಅವಳಿಗೆ?"

ಹುಡುಗಿ ಕಣ್ಣು ತಗ್ಗಿಸಿದಳು. ಸುಳ್ಳು ಹೇಳಬಹುದಿತ್ತು, ಹೇಳಿದ್ದರೆ ಪುಣ್ಯ ಬರುತ್ತಿತ್ತು. ಆದರೆ ವರ್ಷಗಟ್ಟಲೆ ಆ ಮನುಷ್ಯನ ಹತ್ತಿರ ಕೆಲಸ ಕಲಿತವಳು ಪಾಪ, ಸುಳ್ಳು ಹೇಳುವುದನ್ನೇ ಮರೆತಿದ್ದಳು.

"ಕೇಳಿಸಿದೆ ಸರ್. ಪೂರ್ತಿ."

ಗಡಿಪೆಟ್ಟಿಗೆ ಬಂತು. ಅವನೇ ಸ್ಕ್ರೂಡ್ರೈವರ್ ಹಿಡಿದು ಕೂರಿಸಿದ. ಮೂಕ ಕರೆಗಳು ನಿಂತವು. ದನಿಗಳು ಎರಡೂ ಕಡೆ ಸರಾಗವಾಗಿ ಹರಿದವು. ಈಗ ಕಪ್ಪು ಫೋನು ಬಾರಿಸಿದರೆ ನೇರಣ್ಣ ಎತ್ತಿ, ಹಲೋ ಅನ್ನುವುದಿಲ್ಲ. "ಇಡಲ್ಲ, ಹೇಳಿ," ಅನ್ನುತ್ತಾನೆ. ಆ ಕಡೆಯ ಗ್ರಾಹಕರಿಗೆ ಕಕ್ಕಾಬಿಕ್ಕಿ.

ತತ್ತ್ವವೊಂದನ್ನು ಹಿಡಿದು ಬಾಳುವ ಇಂಥವರು ಲೋಕದಲ್ಲಿ ಬೇಕಾದಷ್ಟು ಮಂದಿ. ಕೆಟ್ಟವರಲ್ಲ, ಎಷ್ಟೋ ಸಲ ನಮಗಿಂತ ಪ್ರಾಮಾಣಿಕರು. ತಮ್ಮ ಹಟದ ಫಲವನ್ನು ತಾವೇ ಉಣ್ಣುತ್ತೇವೆಂದು ಎದೆ ತಟ್ಟಿ ಹೇಳುತ್ತಾರೆ, ಹಾಗೆಂದು ನಿಜಕ್ಕೂ ನಂಬಿರುತ್ತಾರೆ. ಆದರೆ ಅದು ಮೊದಲು ಹೋಗಿ ಎರಗುವುದು, ಅವರನ್ನು ಕಣ್ಣುಮುಚ್ಚಿ ನಂಬಿ, ಕಷ್ಟ ಬಂದಾಗ ಇನ್ನಾರನ್ನೂ ಕರೆಯದವರ ಮೇಲೆ.