ಒಂದು ತೋಳಿನ ಅಳತೆ

2018ರ ಫೆಬ್ರವರಿ 6, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಶಾಲೆಗೆ ಸ್ನೇಹ ಬಂತು. ಚಕ್ರವಿರುವ ನೀಲಿ ಪೆಟ್ಟಿಗೆಯೊಂದರಲ್ಲಿ ಬಂತು. ಪೆಟ್ಟಿಗೆಯನ್ನು ಎಳೆದು ತಂದ ತರಬೇತುಗಾರ್ತಿ ಎತ್ತರದ ಹೆಂಗಸು. ಮೆತ್ತನೆಯ ಚಪ್ಪಲಿ, ಅದಕ್ಕಿಂತ ಮೆತ್ತನೆಯ ದನಿ. ಮುಖ್ಯೋಪಾಧ್ಯಾಯರು ಗೇಟಿನವರೆಗೆ ಹೋಗಿ ಹಲ್ಲುಗಿಂಜಿದರು. ನಾಲ್ಕು ವಾರದ ತರಬೇತಿ ಮುಗಿದರೆ 'ಸ್ನೇಹಶೀಲ ಶಾಲೆ' ಎಂಬ ಹಿತ್ತಾಳೆ ಫಲಕ ಸಿಗುವುದಿತ್ತು. ಅದನ್ನು ಹೊಡೆಯುವ ಜಾಗವನ್ನು ಅವರು ಆಗಲೇ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿದ್ದರು.

ಅದಕ್ಕೆ ಮುಂಚೆ ನಮ್ಮಲ್ಲಿ ಸ್ನೇಹ ಇರಲಿಲ್ಲವೆಂದಲ್ಲ. ಮಕ್ಕಳಲ್ಲಿ ಬೇಕಾದಷ್ಟಿತ್ತು, ಯಾರೂ ಕಲಿಸಿರಲಿಲ್ಲ, ಅಷ್ಟೆ. ಇಲ್ಲದಿದ್ದುದು ಶಿಕ್ಷಕರ ಕೋಣೆಯಲ್ಲಿ. ಗಣಿತದ ಮೇಷ್ಟ್ರು ತಮ್ಮ ಕುರ್ಚಿಗೆ ಸೈಕಲ್ ಸರಪಳಿ ಹಾಕಿ ಬೀಗ ಜಡಿದು ತರಗತಿಗೆ ಹೋಗುತ್ತಿದ್ದರು. ವಿಜ್ಞಾನ ಕಲಿಸುವ ನಾನು ಅವರ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು; ಕಾರಣ ಒಂದು ಕಿಟಕಿ, ಅದು ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದು. ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು ನಾವು ಜವಾನನ ಮೂಲಕ ಮಾತಾಡುತ್ತಿದ್ದೆವು.

"ಮೇಷ್ಟ್ರು ಕೇಳ್ತಿದಾರೆ, ಸುತ್ತೋಲೆ ಓದಿ ಆಯ್ತಾ ಅಂತ."

"ಆಯ್ತು ಅಂತ ಹೇಳು."

"ಆಯ್ತಂತೆ ಮೇಷ್ಟ್ರೇ."

ಇಂಥವರ ಶಾಲೆಯಲ್ಲಿ ಮಕ್ಕಳಿಗೆ ಗೆಳೆತನ ಕಲಿಸಲು ಹೊರಗಿನಿಂದ ಜನ ಬೇಕಾದದ್ದು ಸಹಜವೇ.

ತರಬೇತಿ ನನ್ನ ನಾಲ್ಕನೇ ತರಗತಿಯಲ್ಲಿ ಶುರುವಾಯಿತು. ಪೆಟ್ಟಿಗೆಯಿಂದ ನಗುವ, ಅಳುವ, ಮುನಿಯುವ ರಟ್ಟಿನ ಮುಖಗಳು ಹೊರಬಂದವು. ಮಕ್ಕಳಿಗೆ ನಾಲ್ಕು ವಾಕ್ಯ ಬಾಯಿಪಾಠವಾಯಿತು: "ನಮಸ್ಕಾರ. ನಿನ್ನ ಜೊತೆ ಆಡಬಹುದಾ? ನಿನಗೆ ಹೇಗನ್ನಿಸ್ತಿದೆ? ಹಂಚಿಕೊಂಡಿದ್ದಕ್ಕೆ ಧನ್ಯವಾದ." ಆಟದ ಬಯಲಿನಲ್ಲಿ ಒಬ್ಬ ಇನ್ನೊಬ್ಬನನ್ನು ಕೆಸರಿಗೆ ಕೆಡವಿ, ಮೇಲೆ ಕೂತು, "ನಿನಗೆ ಹೇಗನ್ನಿಸ್ತಿದೆ?" ಎಂದು ಕೇಳಿದ್ದನ್ನು ನಾನೇ ಕಂಡೆ. ವಾಕ್ಯದಲ್ಲಿ ತಪ್ಪೇನಿರಲಿಲ್ಲ.

ಆಮೇಲೆ ಹಳದಿ ಟೇಪು ಬಂತು. ಪ್ರತಿ ಮಗುವಿಗೂ ನೆಲದ ಮೇಲೆ ಒಂದು ಚೌಕ, ಅದರೊಳಗೆ ಒಂಟಿ ಮೇಜು ಕುರ್ಚಿ. ಗೆಳೆಯರ ನಡುವೆ ಒಂದು ತೋಳಿನ ಅಂತರವಿರಬೇಕೆಂಬುದು ತರಬೇತುಗಾರ್ತಿಯ ಸಿದ್ಧಾಂತ. ಅವರು ತಮ್ಮ ತೋಳು ಚಾಚಿ ಚಾಚಿ ಅಳೆದು ಟೇಪು ಅಂಟಿಸಿದರು. ಯಾರ ತೋಳು ಎಂಬ ಪ್ರಶ್ನೆ ಆಗಲೇ ನನ್ನ ನಾಲಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಮೂರ್ಖತನ ತಾನಾಗಿಯೇ ಹಣ್ಣಾಗಲಿ ಎಂದು ಬಿಡುವುದರಲ್ಲಿ ನನಗೊಂದು ಸುಖವಿದೆ.

ಆ ಸುಖಕ್ಕೆ ಬೆಲೆ ತೆರುವವರು ಬೇರೆಯವರು ಎಂದು ಮಾರನೆಯ ದಿನ ಗೊತ್ತಾಯಿತು.

ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಮುಂದಿನ ಎರಡು ಹಲ್ಲುಗಳಿಂದಾಗಿ ಎಲ್ಲರೂ ಅವಳನ್ನು ಮೊಲ ಎನ್ನುತ್ತಿದ್ದರು. ಶಾಲೆಯಲ್ಲಿ ಅವಳು ಮಾತಾಡುತ್ತಿದ್ದುದು ಒಬ್ಬಳ ಕಿವಿಯಲ್ಲಿ ಮಾತ್ರ, ಪಕ್ಕದಲ್ಲಿ ಕೂರುತ್ತಿದ್ದ, ಬಾಯಿಗೆ ಬಿಡುವೇ ಇಲ್ಲದ ರೇಡಿಯೊ ಎಂಬ ಹುಡುಗಿಯ ಕಿವಿಯಲ್ಲಿ. "ಮಿಸ್, ಮೊಲಕ್ಕೆ ನೀರು ಬೇಕಂತೆ." "ಮಿಸ್, ಎಲೆ ರಾತ್ರಿನೂ ಉಸಿರಾಡುತ್ತಾ ಅಂತ ಕೇಳ್ತಿದಾಳೆ." ಒಳ್ಳೆಯ ಪ್ರಶ್ನೆಗಳೆಲ್ಲ ಹೀಗೆಯೇ ನನಗೆ ತಲುಪುತ್ತಿದ್ದವು.

ತರಬೇತುಗಾರ್ತಿ ಇದನ್ನು ಕಂಡು ಹುಬ್ಬೇರಿಸಿದರು. "ಇದು ಸ್ನೇಹ ಅಲ್ಲ ಮೇಡಂ, ಅವಲಂಬನೆ."

ಮೊಲವನ್ನು ಕಿಟಕಿಯ ಕಡೆಗೂ ರೇಡಿಯೊಳನ್ನು ಬಾಗಿಲ ಕಡೆಗೂ ಕೂರಿಸಿದರು. ವಾರಕ್ಕೊಬ್ಬ ಹೊಸ ಗೆಳೆಯ ಚೀಟಿ ಎತ್ತಿ ಸಿಗುತ್ತಿದ್ದ. ಮೊಲ ಪೂರ್ತಿ ಮೂಕಿಯಾದಳು. ನೀರು ಕೇಳುವುದನ್ನೂ ಬಿಟ್ಟಳು; ಮೂರನೇ ವಾರ ಒಂದು ಮಧ್ಯಾಹ್ನ ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಳು.

ಅಂದು ಸಂಜೆ ಮುಖ್ಯೋಪಾಧ್ಯಾಯರು ಅವಳ ಅಜ್ಜಿಯನ್ನು ಕರೆಸಿದರು. ಅಜ್ಜಿ ಹಿಂದೆ ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡಿದವರು. ಎದುರಿನವರು ಪೂರ್ತಿ ಹೇಳಿ ಮುಗಿಸುವವರೆಗೆ ಬಾಯಿ ತೆರೆಯುತ್ತಿರಲಿಲ್ಲ.

"ಮುಂದಿನ ಗುರುವಾರ ಪೋಷಕರ ಮುಂದೆ ಪ್ರದರ್ಶನ ಇದೆ," ಎಂದರು ಮುಖ್ಯೋಪಾಧ್ಯಾಯರು. "ಆ ನಾಲ್ಕು ವಾಕ್ಯ ಹೇಳಿ ಎಲ್ಲಾ ಹಂತ ಮುಗಿಸಿದ್ರೆ ಸರಿ. ಇಲ್ಲಾಂದ್ರೆ ಪಟ್ಟಣದ ಆ ಕಡೆ ವಿಶೇಷ ಶಾಲೆ ಇದೆ, ಅಲ್ಲಿಗೆ ಕಳಿಸ್ಬೇಕಾಗುತ್ತೆ."

"ಮನೇಲಿ ಇವಳ ಬಾಯಿ ಮುಚ್ಚಿಸೋದೇ ನಮಗೆ ಕೆಲಸ ಸ್ವಾಮಿ," ಎಂದರು ಅಜ್ಜಿ. "ನೀವು ಏನು ಮಾಡಿದ್ರಿ?"

"ನಾವು ಸ್ನೇಹ ಕಲಿಸ್ತಿದೀವಮ್ಮ."

"ಹಾಗೆ ಕಾಣುತ್ತೆ," ಎಂದು ಅಜ್ಜಿ ಎದ್ದರು.

ಮುಖ್ಯೋಪಾಧ್ಯಾಯರ ಈ ತೀರ್ಮಾನವನ್ನು ತಡೆಯಲು ನೋಡಿದೆ. ಬುದ್ಧಿಯಲ್ಲಿ ಕುಂದಿಲ್ಲದ ಮಗುವನ್ನು ಯಾವ ಆಧಾರದ ಮೇಲೆ ಕಳಿಸುತ್ತೀರಿ ಎಂದು ಕೇಳಿದೆ. "ಆಧಾರ ಪರೀಕ್ಷೆ ಮೇಡಂ," ಎಂದರು ಮುಖ್ಯೋಪಾಧ್ಯಾಯರು. "ಎಲ್ಲರಿಗೂ ಒಂದೇ ಅಳತೆ. ನೀವು ವಿಜ್ಞಾನದವರು, ನಿಮಗೆ ನಾನು ಹೇಳ್ಬೇಕಾ?"

ಗುರುವಾರ ಗೋಡೆಗೆ ಒರಗಿ ಪೋಷಕರು ಸಾಲಾಗಿ ನಿಂತಿದ್ದರು. ಶಿಕ್ಷಕರೆಲ್ಲ ಪರಸ್ಪರ ಮುಗುಳ್ನಗಬೇಕೆಂಬ ಆಜ್ಞೆಯಿತ್ತು. ಅದು ಹಲ್ಲುನೋವಿನವರ ಸಭೆಯಂತೆ ಕಾಣುತ್ತಿತ್ತು. ಮಕ್ಕಳು ಜೋಡಿ ಜೋಡಿಯಾಗಿ ಗಿಳಿಪಾಠ ಒಪ್ಪಿಸಿದರು. ಮೊಲದ ಸರದಿ ಬಂದಾಗ ಚೀಟಿಯ ಗೆಳೆಯ ತನ್ನ ಪಾಲಿನದನ್ನೂ ಅವಳ ಪಾಲಿನದನ್ನೂ ತಾನೇ ಹೇಳಿಬಿಟ್ಟ. ತರಬೇತುಗಾರ್ತಿ ತುಟಿ ಬಿಗಿದರು. ಅಜ್ಜಿ ಕೈಚೀಲವನ್ನು ಎದೆಗೆ ಒತ್ತಿಕೊಂಡರು.

ಕೊನೆಗೆ ಸಮಾರೋಪದ ಹಂತ. ಇದನ್ನು ಮಕ್ಕಳ ಜೊತೆ ಅಭ್ಯಾಸ ಮಾಡಿರಲಿಲ್ಲ. ಪೋಷಕರೆದುರು ತಾಜಾ ಆಗಿರಲಿ ಎಂದು, ತರಬೇತುಗಾರ್ತಿ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅವರ ಜೊತೆಗೇ ಮಾಡಿ ನೋಡಿದ್ದರಂತೆ. ಅವರದ್ದೂ ಒಳ್ಳೆಯ ಉದ್ದದ ತೋಳು.

"ಮಕ್ಕಳೇ, ಚೌಕ ಬಿಡದೆ, ವಾಲದೆ, ಬಲಗೈ ಚಾಚಿ ನಿಮ್ಮ ಗೆಳೆಯರ ಭುಜ ಮುಟ್ಟಿ."

ಇಡೀ ತರಗತಿ ಕೈ ಚಾಚಿತು. ಒಂದು ಕೈಯೂ ಒಂದು ಭುಜವನ್ನೂ ಮುಟ್ಟಲಿಲ್ಲ. ಬಸ್ಸು ನಿಲ್ಲಿಸುವವರಂತೆ ಎಲ್ಲರೂ ಗಾಳಿಯಲ್ಲಿ ಕೈ ಹಿಡಿದು ಕೂತರು.

"ಇನ್ನೂ ಸ್ವಲ್ಪ ಚಾಚಿ. ಮನಸ್ಸು ಮಾಡಿ."

"ಮನಸ್ಸು ಮಾಡಿದ್ರೂ ಸಿಗಲ್ಲ ಮೇಡಂ," ಬಾಗಿಲ ಕಡೆಯಿಂದ ರೇಡಿಯೊ ಹೇಳಿದಳು. "ನಿಮ್ಮ ಕೈ ಉದ್ದ."

ಗೋಡೆಯ ಬಳಿ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಮೊಲ ಎದ್ದಳು. ಮೇಜನ್ನು ಎರಡೂ ಕೈಯಲ್ಲಿ ಹಿಡಿದು, ನೆಲ ಕಿರುಗುಟ್ಟಿಸುತ್ತ, ಎಷ್ಟೋ ಚೌಕಗಳ ಹಳದಿ ಗೆರೆ ಕಿತ್ತುಕೊಂಡು ಕೋಣೆಯ ಆ ತುದಿಗೆ ನೂಕಿಕೊಂಡು ಹೋದಳು. ರೇಡಿಯೊಳ ಭುಜದ ಮೇಲೆ ಕೈಯಿಟ್ಟಳು. ಕಿವಿಯಲ್ಲಿ ಏನೋ ಹೇಳಿದಳು.

"ಮುಟ್ಟಿದ್ದಾಯ್ತು, ಇನ್ನು ನೀರು ಕುಡೀಬಹುದಾ ಅಂತ ಕೇಳ್ತಿದಾಳೆ," ಎಂದಳು ರೇಡಿಯೊ.

"ಚೌಕ ಬಿಟ್ಟಿದಾಳೆ," ಎಂದರು ತರಬೇತುಗಾರ್ತಿ. "ವಾಕ್ಯ ಹೇಳಿಲ್ಲ. ಕ್ಷಮಿಸಿ, ಈ ಮಗು ಅನುತ್ತೀರ್ಣ."

ಮುಖ್ಯೋಪಾಧ್ಯಾಯರು ಒಪ್ಪಿ ತಲೆಯಾಡಿಸಿದರು. ನಾನು ಮೇಜಿನ ಡ್ರಾಯರಿನಿಂದ ಅಳತೆಯ ಪಟ್ಟಿ ತೆಗೆದೆ. "ಮೇಡಂ, ನಿಮ್ಮ ತೋಳು ಚಾಚಿ."

ಅಭ್ಯಾಸಬಲದಿಂದ ಅವರು ಚಾಚಿಬಿಟ್ಟರು. ಪಟ್ಟಿಯ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಿತ್ತು. ಹಿಡಿದವರು ಗಣಿತದ ಮೇಷ್ಟ್ರು. ನನ್ನ ಮುಖ ನೋಡದೆ, ಜವಾನನ ಕಡೆ ತಿರುಗಿ, "ಎಪ್ಪತ್ತಾರು ಸೆಂಟಿಮೀಟರ್ ಅಂತ ಹೇಳು" ಎಂದರು. ತರಗತಿಯ ಅತಿ ಎತ್ತರದ ಹುಡುಗನ ತೋಳು ಐವತ್ತೊಂಬತ್ತು.

"ಸಾರ್, ಎಲ್ಲರಿಗೂ ಒಂದೇ ಅಳತೆ ಅಂದ್ರಿ," ಎಂದೆ. "ಅಳತೆಗೋಲೇ ತಪ್ಪಿದ್ರೆ ಫಲಿತಾಂಶ ಒಬ್ಬರದಲ್ಲ, ಎಲ್ಲರದ್ದೂ ರದ್ದು. ಇಲ್ಲಾಂದ್ರೆ ಭುಜ ಮುಟ್ಟದ ಇವರೆಲ್ಲರನ್ನೂ ವಿಶೇಷ ಶಾಲೆಗೆ ಕಳಿಸಿ."

ಪೋಷಕರ ಸಾಲು ಈಗ ನಗುತ್ತಿರಲಿಲ್ಲ. ತಂತಮ್ಮ ಮಕ್ಕಳನ್ನು ನೋಡುತ್ತಿತ್ತು. "ನಮ್ಮ ಹುಡುಗನೂ ಮುಟ್ಟಿಲ್ವಲ್ಲ," ಎಂದ ಒಬ್ಬ ತಂದೆಯ ದನಿ ಒರಟಾಗಿತ್ತು. ಮುಖ್ಯೋಪಾಧ್ಯಾಯರ ತತ್ವನಿಷ್ಠೆಗೆ ಅಷ್ಟು ಸಾಕಾಯಿತು. ಯಾರನ್ನೂ ಎಲ್ಲಿಗೂ ಕಳಿಸುವ ಪ್ರಶ್ನೆಯೇ ಇಲ್ಲ, ಹಾಗೆ ಯಾರು ಹೇಳಿದರು ಎಂದು ಅವರೇ ಸುತ್ತ ಕಣ್ಣಾಡಿಸಿದರು. ಅಜ್ಜಿ ಕೈಚೀಲ ಕೆಳಗಿಳಿಸಿದರು. ಮೊಲ ನೀರು ಕುಡಿಯಲು ಹೋದಳು, ರೇಡಿಯೊಳ ಜೊತೆ.

ಫಲಕ ಬಂತು. ಅಂಥ ಫಲಕಗಳು ಬಂದೇ ಬರುತ್ತವೆ. ನನ್ನ ಮತ್ತು ಗಣಿತದ ಮೇಷ್ಟ್ರ ನಡುವಿನ ಮಾತು ಈಗಲೂ ಜವಾನನ ಮೂಲಕವೇ. ಅವರ ಕುರ್ಚಿಗೆ ಸರಪಳಿಯೂ ಹಾಗೇ ಇದೆ. ಪ್ರದರ್ಶನದ ಮಾರನೆಯ ದಿನ, ಶುಕ್ರವಾರ ಬೆಳಿಗ್ಗೆ, ಮಕ್ಕಳು ಬರುವ ಮೊದಲು, ನೆಲದ ಟೇಪನ್ನೆಲ್ಲ ಕಿತ್ತು ಬುಟ್ಟಿಗೆ ಹಾಕಿದೆ. ಬಾಗಿಲ ಬಳಿಯ ಆ ಎರಡು ಮೇಜುಗಳನ್ನು ಅಲುಗಿಸಲಿಲ್ಲ, ಅಳೆದೆ, ಅಷ್ಟೆ. ಅವುಗಳ ನಡುವಿನ ಅಂತರ ಒಂದೂವರೆ ಸೆಂಟಿಮೀಟರ್.