ಗೀರಿಲ್ಲದ ನಾಣ್ಯ

ವಸ್ತುಸಂಗ್ರಹಾಲಯದಲ್ಲಿ ಆಕೆಯನ್ನು ಎಲ್ಲರೂ ಬ್ರಷ್ ಅಕ್ಕ ಎಂದೇ ಕರೆಯುತ್ತಿದ್ದರು. ನೆಲದಡಿ ಸಿಕ್ಕ ಹಳೆಯ ಲೋಹದ ವಸ್ತುಗಳನ್ನು ಸಣ್ಣ ಬ್ರಷ್ಷಿನಿಂದ ಶುಚಿ ಮಾಡುವುದು ಇಪ್ಪತ್ತೆರಡು ವರ್ಷದಿಂದ ಆಕೆಯ ಕೆಲಸ. ಕೈ ಅಷ್ಟು ಹಗುರ. ಒಂದು ವಸ್ತುವಿಗೂ ಗೀರು ಬಿದ್ದಿರಲಿಲ್ಲ.

ಆ ಸಲ ಒಂದು ಮಡಕೆ ಬಂತು. ಯಾರದೋ ಮನೆಗೆ ಪಾಯ ತೋಡುವಾಗ ಸಿಕ್ಕಿದ್ದು. ಒಳಗೆ ಕಪ್ಪಿಟ್ಟ ನಲವತ್ತೊಂದು ರೋಮನ್ ಬೆಳ್ಳಿ ನಾಣ್ಯ, ಒಂದೊಂದರ ಮೇಲೂ ಒಬ್ಬ ದೊರೆಯ ಪಕ್ಕಮುಖ. ಕಪ್ಪು ಬಿಡುತ್ತಾ ಬಂದಂತೆ ಆಕೆಗೆ ಒಂದು ವಿಚಿತ್ರ ಕಂಡಿತು. ನಲವತ್ತು ಮುಖಗಳಿಗೂ ಯಾರೋ ಉಳಿ ಇಟ್ಟು ಹೊಡೆದಿದ್ದರು, ಸರಿಯಾಗಿ ಕಣ್ಣಿನ ಮೇಲೆ. ಬೆಳ್ಳಿ ಅಸಲಿಯೋ ನಕಲಿಯೋ ನೋಡಲು ಹಾಗೆ ಕಡಿದಿರಬೇಕು ಎಂದರು ಮೇಲಧಿಕಾರಿ. ಅದಕ್ಕೆ ಅಂಚು ಕಡಿದರೆ ಸಾಲದೇ ಎಂದು ಆಕೆ ಕೇಳಿದಾಗ ಅವರು ಗಡಿಯಾರ ನೋಡಿಕೊಂಡು ಎದ್ದುಹೋದರು.

ನಲವತ್ತೊಂದನೆಯದು ಮಡಕೆಯ ತಳಕ್ಕೆ ಅಂಟಿಕೊಂಡಿತ್ತು. ಅದಕ್ಕೆ ಗೀರಿರಲಿಲ್ಲ. ದಪ್ಪ ಕತ್ತು, ತೆಳು ತುಟಿ, ಬಲಕ್ಕೆ ತಿರುಗಿದ ಮುಖ. ಸೋಮವಾರ ಛಾಯಾಗ್ರಾಹಕರು ಅದರ ಚಿತ್ರ ತೆಗೆದರು. ನಿವೃತ್ತಿಗೆ ಎರಡೇ ತಿಂಗಳಿದ್ದ ಅವರನ್ನು ಆಕೆ ಬಾಯ್ತುಂಬ ಮಾವ ಎನ್ನುತ್ತಿದ್ದಳು.

ಬುಧವಾರ ಲೆನ್ಸಿನಡಿ ನೋಡಿದಾಗ ಮೂಗಿನ ಆಚೆ ಇನ್ನೊಂದು ಕಣ್ಣಿನ ರೆಪ್ಪೆ ಇದ್ದಂತಾಯಿತು. ಕೊಳೆ ಇರಬೇಕೆಂದು ಒರೆಸಿದಳು. ಗುರುವಾರ ಆ ಕಣ್ಣು ಅರ್ಧ ಕಂಡಿತು. ತನ್ನ ಕಣ್ಣೇ ಕೆಟ್ಟಿದೆಯೆಂದು ಡಾಕ್ಟರ ಬಳಿ ಓಡಿದಳು. ಏನೂ ಆಗಿಲ್ಲ ಎಂದು ಕಳಿಸಿದರು. ಶುಕ್ರವಾರ ಮಾವನಿಂದ ಮತ್ತೊಂದು ಚಿತ್ರ ತೆಗೆಸಿದಳು.

ಮಾವ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಮೂಗಿನಿಂದ ಅಂಚಿನವರೆಗೆ ಅಳತೆಪಟ್ಟಿ ಹಿಡಿದು ನೋಡಿದರು.

"ಕ್ಯಾಮೆರಾ ಅಲ್ಲಾಡಿಲ್ಲ. ಬೆಳಕೂ ಅದೇ," ಎಂದರು ಕೊನೆಗೆ. "ಇವನು ನಮ್ಮ ಕಡೆ ತಿರುಗ್ತಾ ಇದ್ದಾನಮ್ಮ."

"ಪೂರ್ತಿ ತಿರುಗಿದ್ರೆ?"

"ಆ ನಲವತ್ತು ಕಡಿದವರಿಗೆ ಗೊತ್ತಿತ್ತೇನೋ."

ಮಟಮಟ ಮಧ್ಯಾಹ್ನ. ಕಿಟಕಿ ತುಂಬ ಬಿಸಿಲು. ಆದರೂ ಆಕೆಗೆ ನಾಣ್ಯವಿದ್ದ ತಟ್ಟೆಗೆ ಬೆನ್ನು ಮಾಡಿ ನಿಲ್ಲಲು ಆಗಲಿಲ್ಲ. ಬಡಗಿಯ ಕೋಣೆಗೆ ಹೋಗಿ ಉಳಿ, ಸುತ್ತಿಗೆ ತಂದಳು. ಮರದ ತುಂಡಿನ ಮೇಲೆ ನಾಣ್ಯ ಇಡುವಾಗ ಅದು ಬೆಚ್ಚಗಿತ್ತು, ಯಾರದೋ ಮುಷ್ಟಿಯಿಂದ ಈಗಷ್ಟೇ ಬಿಡಿಸಿಕೊಂಡಂತೆ. ಮುಖ ನೇರವಾಗಿತ್ತು. ಎರಡೂ ಕಣ್ಣು ಆಕೆಯ ಮೇಲಿದ್ದವು. ತೆಳು ತುಟಿ ಬಿಚ್ಚುತ್ತಿತ್ತು.

ಹೊಡೆದಳು.

ಮಾವ ಬಗ್ಗಿ ನೋಡಿದಾಗ ಮುಖ ಮೊದಲಿನಂತೆ ಬಲಕ್ಕಿತ್ತು, ಕಣ್ಣಿನ ಮೇಲೆ ಹೊಸ ಗೀರು ಹೊಳೆಯುತ್ತಿತ್ತು. ಗೀರು ಹಳೆಯದೆಂದು ಬರೆದುಕೊಡುತ್ತೇನೆ, ಬಾಯಿ ಬಿಡಬೇಡ ಎಂದು ಅವರು ಎಷ್ಟೋ ಹೇಳಿದರು. ಆಕೆಗೆ ಮನಸ್ಸು ಒಪ್ಪಲಿಲ್ಲ. ಸೋಮವಾರ ಮೇಲಧಿಕಾರಿಯ ಮುಂದೆ ನಿಂತು ತಾನೇ ಕಡಿದೆ ಎಂದಳು. ಯಾಕೆಂದು ಮಾತ್ರ ಹೇಳಲಿಲ್ಲ. ಕೆಲಸ ಹೋಯಿತು.

ಈಗ ಪುಸ್ತಕಗಳಿಗೆ ರಟ್ಟು ಕಟ್ಟುತ್ತಾಳೆ. ಒಮ್ಮೆ ತಂಗಿಯ ಹತ್ತಿರ ಮಾತ್ರ ಎಲ್ಲ ಹೇಳಿಕೊಂಡಳು. ಈಗಲೂ ಹೆದರಿಕೆ ಆಗುತ್ತಾ ಎಂದು ತಂಗಿ ಕೇಳಿದಳು.

"ಹೆದರಿಕೆ ಅಲ್ಲ ಕಣೆ," ಎಂದಳು ಅಕ್ಕ. "ಅವನು ಏನೋ ಹೇಳೋಕೆ ಬಾಯಿ ತೆಗೆದಿದ್ದ. ನಾನು ಕೇಳಿಸ್ಕೊಳ್ಳಲಿಲ್ಲ."